‘ಕ್ಲಿಕ್ ಕ್ರಾಂತಿ’ ಕಳಿಸಿದವರಿಗೆ

ನಮಸ್ಕಾರ.

ಅಮೆರಿಕದ ಎಡಿಸನ್ ಊರಿನಿಂದ ನೀವು ಕಳಿಸಿದ ‘ಕ್ಲಿಕ್ ಕ್ರಾಂತಿ’ ಲೇಖನ ಎರಡು ಸಲ ಓದಿದೆ. ಅಮೆರಿಕದ ಪ್ರಗತಿಪರರು ಇಂಟರ್ನೆಟ್ ಹಿಡಿದು ಅಲ್ಲಿನ ರಾಜಕೀಯವನ್ನೇ ಬದಲಾಯಿಸಿಬಿಟ್ಟರು ಅನ್ನುವುದು ನಿಮ್ಮ ವಾದ. ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಸಲೀಸು. ಹಾಗಂತ ಬಿಸಾಡುವ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಪದಗಳ ವಿಷಯ. ಗ್ರಾಸ್‌ರೂಟ್ಸ್‌ಗೆ ‘ಹುಲ್ಲುಬೇರಿನ ರಾಜಕಾರಣ’ ಅಂತ ಹಾಕಿದ್ದೀರಿ. ಆಫೀಸಿನಲ್ಲಿ ಎಲ್ಲರೂ ನಕ್ಕರು, ಬೇಜಾರು ಮಾಡ್ಕೋಬೇಡಿ. ತಳಮಟ್ಟ ಅಂತ ಒಳ್ಳೆಯ ಪದವೇ ಇದೆಯಲ್ವಾ? ‘ಪ್ರಗತಿಪರ’ ಇನ್ನೂ ಕಷ್ಟದ್ದು. ಆ ಪದ ಕೇಳಿದರೆ ಇಲ್ಲಿನವರಿಗೆ ಡ್ರಿಪ್ ಹಾಕಿ ದಾಳಿಂಬೆ ಬೆಳೆದು ಸನ್ಮಾನ ಮಾಡಿಸಿಕೊಂಡ ಪ್ರಗತಿಪರ ರೈತ ನೆನಪಾಗುತ್ತಾನೆ, ಇಲ್ಲವೇ ಪತ್ರಿಕಾಗೋಷ್ಠಿಯ ಪ್ರಗತಿಪರ ಚಿಂತಕರು. ನೀವು ಹೇಳುತ್ತಿರುವವರು ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಬೇಕು, 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿರುವ ಫೆಡರಲ್ ಕನಿಷ್ಠ ಕೂಲಿ ಏರಬೇಕು ಅಂತ ಡೆಮಾಕ್ರಟಿಕ್ ಪಕ್ಷವನ್ನು ಎಡಕ್ಕೆ ಎಳೆಯುವ ಜನ. ಇದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಆಮೇಲೆ ಯಾವ ಪದ ಬಳಸಿದರೂ ನಡೆಯುತ್ತೆ.

ಆರ್ಗನೈಸರ್‌ಗೆ ‘ಸಂಘಟಕ’ ಅಂದಿದ್ದೀರಿ. ತಪ್ಪೇನಲ್ಲ. ಆದರೆ ನಮ್ಮಲ್ಲಿ ಸಂಘಟಕ ಅಂದರೆ ಶಾಮಿಯಾನ ಹಾಕಿಸಿ, ಕುರ್ಚಿ ತರಿಸಿ, ಅತಿಥಿಗಳಿಗೆ ಹಾರ ತುರಾಯಿ ಹೊಂದಿಸುವವನು. ಜನ ಸೇರಿಸುವುದು ಒಂದು ಕೆಲಸ, ಸಂಘ ಕಟ್ಟುವುದು ಇನ್ನೊಂದು. ಎರಡಕ್ಕೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತಿದೆ, ನಿಮ್ಮ ಲೇಖನದಲ್ಲಿ ಮಾತ್ರ ಇಲ್ಲ. ಹನ್ನೆರಡು ಪುಟದುದ್ದಕ್ಕೂ ಬರೀ ಜನ ಸೇರುತ್ತಾರೆ. ಲಕ್ಷ ಸಹಿ, ಲಕ್ಷ ಲೈಕ್, ಲಕ್ಷ ಜನರ ಮೆರವಣಿಗೆ. ಮಾರನೇ ದಿನ ಅವರೆಲ್ಲ ಎಲ್ಲಿಗೆ ಹೋದರು?

ಮೂವ್‌ಆನ್ ಅನ್ನುವ ಸಂಘಟನೆಯ ಕಥೆಯನ್ನೇ ತಗೊಳ್ಳಿ. ‘1998ರಲ್ಲಿ ಒಂದು ಆನ್‌ಲೈನ್ ಮನವಿ ಕ್ಲಿಂಟನ್ ಅವರನ್ನು ಉಳಿಸಿತು’ ಅಂತ ಬರೆದಿದ್ದೀರಿ. ಉಳಿಸಲಿಲ್ಲ. ಆ ಮನವಿ ಹೊರಡಿಸಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವೆಸ್ ಬಾಯ್ಡ್, ಜೋನ್ ಬ್ಲೇಡ್ಸ್ ಗಂಡ ಹೆಂಡತಿ. ಕಂಪ್ಯೂಟರ್ ಪರದೆ ಮೇಲೆ ಬ್ರೆಡ್ ಟೋಸ್ಟರ್‌ಗಳು ರೆಕ್ಕೆ ಬಡಿಯುತ್ತಾ ಹಾರುತ್ತಿದ್ದ ಸ್ಕ್ರೀನ್‌ಸೇವರ್ ಮಾರಿ ಹೆಸರು ಮಾಡಿದ ಕಂಪನಿ ಅವರದು. (ನಿಮ್ಮ ವಯಸ್ಸಿನವರು ನೋಡಿರಲಿಕ್ಕಿಲ್ಲ, ನಾನು ನೋಡಿದ್ದೇನೆ.) ಅವರ ಮನವಿ ಒಂದೇ ವಾಕ್ಯದ್ದು: ಅಧ್ಯಕ್ಷರಿಗೆ ಛೀಮಾರಿ ಹಾಕಿ, ದೇಶದ ಮುಂದಿರುವ ತುರ್ತು ಕೆಲಸಗಳ ಕಡೆ ನಡೆಯಿರಿ. ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಕೆಳಮನೆ ಕಿವಿಗೇ ಹಾಕಿಕೊಳ್ಳಲಿಲ್ಲ, ಡಿಸೆಂಬರ್ 19ರಂದು ಮಹಾಭಿಯೋಗಕ್ಕೆ, ಅಂದರೆ ಅಧ್ಯಕ್ಷರನ್ನು ಕೆಳಗಿಳಿಸುವ ವಿಚಾರಣೆಗೆ, ಒಪ್ಪಿಗೆ ಕೊಟ್ಟಿತು. 1999ರ ಫೆಬ್ರುವರಿಯಲ್ಲಿ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೀಳದೆ ಕ್ಲಿಂಟನ್ ಬಚಾವಾದರು. ಛೀಮಾರಿ ನಿರ್ಣಯ ಪಾಸಾಗಲೇ ಇಲ್ಲ. ಮನವಿ ಸೋತಿತು. ಉಳಿದದ್ದು ಸಹಿ ಹಾಕಿದವರ ಇಮೇಲ್ ಪಟ್ಟಿ. ಇರಾಕ್ ಯುದ್ಧದ ವಿರುದ್ಧ ಜನರನ್ನು ಎಬ್ಬಿಸಲು, ಮುಂದಿನ ಚುನಾವಣೆಗಳಿಗೆ ದುಡ್ಡೆತ್ತಲು ಕೆಲಸಕ್ಕೆ ಬಂದದ್ದು ಆ ಪಟ್ಟಿ. ನೀವು ಅದನ್ನು ಒಂದು ಕಡೆಯೂ ಹೆಸರಿಸಿಲ್ಲ.

2004ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟಿದ್ದ ಹೊವರ್ಡ್ ಡೀನ್‌ಗೆ ಕೊಟ್ಟಿದ್ದು ಒಂದೇ ಸಾಲು, ‘ಇಂಟರ್ನೆಟ್‌ನಲ್ಲಿ ಚುನಾವಣಾ ನಿಧಿ ಎತ್ತಿದ ಮೊದಲಿಗ’. ಮೊದಲಿಗರಲ್ಲ. 2000ದಲ್ಲಿ ರಿಪಬ್ಲಿಕನ್ ಜಾನ್ ಮೆಕೇನ್ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿ ಆಯ್ಕೆಯ ಮತದಾನ ಗೆದ್ದಾಗಲೇ ಆನ್‌ಲೈನ್‌ನಲ್ಲಿ ಚೆನ್ನಾಗಿ ದುಡ್ಡು ಬಂದಿತ್ತು. ಡೀನ್ ವಿಷಯದಲ್ಲಿ ನೋಡಬೇಕಾದ್ದು ಅಯೋವ ರಾಜ್ಯ. ದೇಶದ ಮೂಲೆಮೂಲೆಯಿಂದ ಸಾವಿರಾರು ಹುಡುಗ ಹುಡುಗಿಯರು ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಅಲ್ಲಿಗೆ ಬಂದಿಳಿದರು. ಎಲ್ಲರೂ ಹೊರಗಿನವರು. ಅಯೋವದ ಡೆಮಾಕ್ರಟಿಕ್ ಕಾಕಸ್‌ನಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಆರಿಸುವ ಸಭೆಯಲ್ಲಿ, ಆಗ ಗುಟ್ಟಿನ ಮತ ಇರಲಿಲ್ಲ. ಜನವರಿಯ ಚಳಿಯಲ್ಲಿ ಅಕ್ಕಪಕ್ಕದವರು ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ತಂತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಹೆಚ್ಚಿನ ಕಡೆ ಒಂದು ಗುಂಪಿಗೆ ನೂರಕ್ಕೆ ಹದಿನೈದು ಜನ ಸೇರದಿದ್ದರೆ ಅದು ನಿಲ್ಲುತ್ತಿರಲಿಲ್ಲ, ಅವರು ಬೇರೆ ಮೂಲೆ ನೋಡಿಕೊಳ್ಳಬೇಕಿತ್ತು. ಆ ಹೊತ್ತಿನಲ್ಲಿ ತೋಳು ಹಿಡಿದು ‘ಈ ಕಡೆ ಬಾ’ ಅನ್ನಲು ಪಕ್ಕದ ಮನೆಯವನೇ ಬೇಕು, ಟೋಪಿ ಹುಡುಗರಿಗೆ ಅದು ಆಗದ ಕೆಲಸ. 2004ರ ಜನವರಿ 19ರಂದು ಡೀನ್ ಮೂರನೇ ಸ್ಥಾನಕ್ಕೆ ಬಿದ್ದರು. ಆ ರಾತ್ರಿಯ ಅವರ ಕಿರುಚಾಟದ ವಿಡಿಯೊ ಬಗ್ಗೆ ಎಲ್ಲರೂ ಬರೆದಾಗಿದೆ, ನೀವು ಟೋಪಿಗಳ ಬಗ್ಗೆ ಬರೆಯಿರಿ.

2017ರ ಮಹಿಳಾ ಮೆರವಣಿಗೆಯ ಪ್ಯಾರಾ ಚೆನ್ನಾಗಿದೆ. ಮುಟ್ಟಬೇಡಿ.

ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ. ನಿಮಗೆ ಒಂದು ಪಕ್ಷ ಇಷ್ಟ ಅನ್ನುವುದು ಗೊತ್ತಾಗುತ್ತೆ. ಇರಲಿ, ನನ್ನದೇನೂ ತಕರಾರಿಲ್ಲ. ಆದರೆ ಅದಕ್ಕಾಗಿ ಅರ್ಧ ಕಥೆ ಮುಚ್ಚಿಡಬಾರದು. ಸಂಸದರ ಮೇಲೆ ಒತ್ತಡ ಹಾಕುವುದು ಹೇಗೆ ಅಂತ ಹೇಳುವ ಇಂಡಿವಿಸಿಬಲ್ ಕೈಪಿಡಿಯನ್ನು ಹೊಗಳಿದ್ದೀರಿ. 2016ರ ಡಿಸೆಂಬರ್‌ನಲ್ಲಿ ಎಜ್ರಾ ಲೆವಿನ್, ಲೇಯಾ ಗ್ರೀನ್‌ಬರ್ಗ್ ಮತ್ತಿತರರು, ಹಿಂದೆ ಸಂಸದರ ಕಚೇರಿಗಳಲ್ಲಿ ಕೆಲಸ ಮಾಡಿದ್ದವರು, ಗೂಗಲ್ ಡಾಕ್‌ನಲ್ಲಿ ಬರೆದು ಹಂಚಿದ್ದು ಅದು. ಅದರ ಪಾಠ ಎಲ್ಲಿಂದ ಬಂತು ಅಂತ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: 2009ರಲ್ಲಿ ಒಬಾಮಾ ವಿರುದ್ಧ ಎದ್ದ ಟೀ ಪಾರ್ಟಿಯವರಿಂದ. ನಿಮ್ಮ ಕ್ಷೇತ್ರದ ಸಂಸದನನ್ನೇ ಹಿಡಿಯಿರಿ, ಅವನ ಸಭೆಗೇ ಹೋಗಿ ಪ್ರಶ್ನೆ ಕೇಳಿ, ಅವನ ಕಚೇರಿಗೇ ಫೋನ್ ಮಾಡಿ. ಬಲಪಂಥದವರು ಮಾಡಿ ತೋರಿಸಿದ್ದನ್ನು ಎಡದವರು ಕಾಪಿ ಹೊಡೆದರು. ಎಷ್ಟು ಮಜಾ ಇದೆ ಇದರಲ್ಲಿ! ನೀವು ಬಿಟ್ಟುಬಿಟ್ಟಿದ್ದೀರಿ. ಹಾಗೆಯೇ 2017ರ ಜುಲೈ 28ರ ನಸುಕಿನಲ್ಲಿ ಒಬಾಮಾಕೇರ್ ಅನ್ನುವ ಆರೋಗ್ಯ ವಿಮೆ ಕಾನೂನಿನ ಭಾಗಗಳನ್ನು ರದ್ದು ಮಾಡುವ ಮಸೂದೆ ಸೆನೆಟ್‌ನಲ್ಲಿ 49-51ರಲ್ಲಿ ಬಿದ್ದದ್ದು ಫೋನ್ ಕರೆಗಳಿಂದಲೇ ಅಂತ ಬರೆಯಬೇಡಿ. ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ತಮ್ಮದೇ ಪಕ್ಷದ ಮಸೂದೆ ವಿರುದ್ಧ ಮತ ಹಾಕಿದ್ದಕ್ಕೆ ಹತ್ತು ಕಾರಣ ಇರಬಹುದು. ಕರೆಗಳು ಬಂದವು, ಮಸೂದೆ ಬಿತ್ತು, ಅಷ್ಟು ಹೇಳಿ.

ಇಷ್ಟೆಲ್ಲ ಬೈದ ಮೇಲೆ ನನಗೆ ಇಷ್ಟವಾದದ್ದು ಹೇಳುತ್ತೇನೆ. ಅದು ಲೇಖನದಲ್ಲಿಲ್ಲ, ಜೊತೆಗೆ ಇಟ್ಟ ಪತ್ರದಲ್ಲಿದೆ. ‘ಎಚ್-1ಬಿಯಲ್ಲಿದ್ದೇನೆ, ಮತ ಇಲ್ಲ. ಆದರೂ ಹೋದ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಸಹೋದ್ಯೋಗಿ ಜೊತೆ ಪ್ರಚಾರಕ್ಕೆ ಹೋಗಿದ್ದೆ. ಮೂವತ್ತೆಂಟು ಬಾಗಿಲು ತಟ್ಟಿದೆವು, ತೆಗೆದದ್ದು ಒಂಬತ್ತು’ ಅಂತ ಸುಮ್ನೆ ಬರೆದು ಬಿಟ್ಟಿದ್ದೀರಿ. ಇದನ್ನು ಯಾಕೆ ಒಳಗೆ ಹಾಕಲಿಲ್ಲ ಮಾರಾಯ್ರೇ? ನಿಮಗೆ ಮತವಿಲ್ಲ, ನಿಧಿಗೆ ಹತ್ತು ಡಾಲರ್ ಕೊಡಲೂ ಕಾನೂನು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರಾದರೆ ಕೊಡಬಹುದು. ಪುಕ್ಕಟೆ ದುಡಿಯಲು ಮಾತ್ರ ಅಡ್ಡಿಯಿಲ್ಲ. ಅಂಥವರು ಬಾಗಿಲಲ್ಲಿ ನಿಂತು ‘ತಪ್ಪದೆ ಮತ ಹಾಕಿ’ ಅನ್ನುವಾಗ ಒಳಗೆ ಏನಾಗುತ್ತೆ?

ಮನೆಮನೆ ಪ್ರಚಾರಕ್ಕೆ ಹೋಗುವವರ ಕೈಯಲ್ಲಿರುವ ಆ ಫೋನ್ ಆ್ಯಪ್ ಬಗ್ಗೆಯೂ ಬರೆಯಿರಿ. ಮುಂದಿನ ಮನೆಯಲ್ಲಿ ಯಾರಿದ್ದಾರೆ, ವಯಸ್ಸೆಷ್ಟು, ಯಾವ ಪಕ್ಷಕ್ಕೆ ನೋಂದಣಿ, ಎಲ್ಲಾ ಅದರಲ್ಲಿ ಕಾಣುತ್ತೆ ಅಂದರೆ ಇಲ್ಲಿನವರು ಹೌಹಾರುತ್ತಾರೆ. ಮಾತಾಡಿ ಹೊರಬಂದ ಮೇಲೆ ಒಂದರಿಂದ ಐದರವರೆಗೆ ಅಂಕ ಒತ್ತುತ್ತೀರಲ್ಲ, ಪೂರ್ತಿ ನಮ್ಮವರಾದರೆ ಒಂದು, ಪೂರ್ತಿ ಆ ಕಡೆಯವರಾದರೆ ಐದು. ಆ ಅಂಕ ಎಲ್ಲಿಗೆ ಹೋಯಿತು? ಮುಂದಿನ ವಾರ ಅದೇ ಬಾಗಿಲಿಗೆ ಇನ್ನೊಬ್ಬರು ಹೋದರಾ? ಮೂವ್‌ಆನ್‌ನ ಪಟ್ಟಿಯಿಂದ ನಿಮ್ಮ ಅಂಗೈಯಲ್ಲಿದ್ದ ಪಟ್ಟಿಯವರೆಗೆ ಒಂದು ದಾರಿ ಇದೆ, ಅದರಲ್ಲೇ ನಡೆಯಿರಿ. ಬಾಗಿಲು ತೆಗೆಯದ ಮನೆಗಳಲ್ಲಿ ಕರಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕುವಂತಿಲ್ಲ, ಅಂಚೆಚೀಟಿ ಇಲ್ಲದ್ದನ್ನು ಅದರೊಳಗೆ ತುರುಕಿದರೆ ಅಲ್ಲಿ ಅಪರಾಧ. ನೀವು ಎಲ್ಲಿ ಸಿಕ್ಕಿಸಿದಿರಿ? ಬಾಗಿಲ ಹಿಡಿಯಲ್ಲಾ? ಗಾಳಿಗೆ ಹಾರಲಿಲ್ವಾ?

ಒಂಬತ್ತು ಬಾಗಿಲಲ್ಲಿ ಮೂರು ಸಾಕು. ಇತಿಹಾಸವನ್ನು ಅವುಗಳ ನಡುವೆ ತನ್ನಿ. 1,500 ಪದ ದಾಟಬೇಡಿ. ಶೀರ್ಷಿಕೆ ಬದಲಾಯಿಸಿ, ‘ಕ್ರಾಂತಿ’ ಪದ ಈ ವರ್ಷ ನಾವು ಈಗಾಗಲೇ ನಾಲ್ಕು ಸಲ ಬಳಸಿದ್ದೇವೆ. ತಿಂಗಳ 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡೋಣ. ಮತ್ತೆ, ದಯವಿಟ್ಟು ಯೂನಿಕೋಡ್‌ನಲ್ಲೇ ಕಳಿಸಿ. ಈ ಸಲ ‘ನುಡಿ’ ತಂತ್ರಾಂಶದಲ್ಲಿ ಕಳಿಸಿದ್ದನ್ನು ಬದಲಾಯಿಸುವಾಗ ಅರ್ಕಾವತ್ತು ಎಲ್ಲಾ ಉದುರಿಹೋಗಿ, ನಮ್ಮ ಹುಡುಗಿ ಅರ್ಧ ದಿನ ಕೂತು ಒಂದೊಂದಾಗಿ ಹಾಕಿದ್ದಾಳೆ.