ಥೇಮ್ಸ್ ದಡದಲ್ಲಿ ಸಿಕ್ಕ ಬಿಳಿ ಕೊಳವೆ, ಕರಿ ಕಲ್ಲು

ಲಂಡನ್ನಲ್ಲಿ ಥೇಮ್ಸ್ ದಡದಲ್ಲಿ ಸಿಕ್ಕ ಬಿಳಿ ಕೊಳವೆ ಚೂರು, ಚೌಕದ ಕರಿ ಕಲ್ಲು ಏನು, ವಿನೆಗರ್ ಹಾಕಿ ತೊಳೀಬಹುದಾ ಅಂತ ಕೇಳಿದ್ರಲ್ಲ, ವಿನೆಗರ್ ಬೇಡವೇ ಬೇಡ, ಬರೀ ನೀರಲ್ಲಿ ನೆನೆಸಿ ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ ನೆರಳಲ್ಲಿ ಒಣಗಿಸಿ ಸಾಕು. ಬಿಳೀದು ತಂಬಾಕು ಸೇದೋ ಮಣ್ಣಿನ ಚುಂಗಾಣಿದು. ಬರೀ ಕೊಳವೆ ನೋಡಿ ಕಾಲ ಹೇಳೋದು ಕಷ್ಟ, ತುದೀಲಿ ತಂಬಾಕು ತುಂಬೋ ಬಟ್ಟಲು ಸಿಕ್ರೆ ಗೊತ್ತಾಗುತ್ತೆ. 1600ರ ಸುಮಾರಿಗೆ ತಂಬಾಕು ತುಂಬಾ ದುಬಾರಿ, ಅದಕ್ಕೇ ಬಟ್ಟಲು ಪುಟಾಣಿ, ನನ್ನ ಹತ್ರ ಇರೋದ್ರೊಳಗೆ ಕಿರುಬೆರಳ ತುದಿನೂ ಸರಿಯಾಗಿ ಹೋಗಲ್ಲ, ಒಳಗಿನ ಮಸಿ ಇನ್ನೂ ಹಂಗೇ ಇದೆ, ನೋಡಿದಾಗೆಲ್ಲ ಮೈ ಜುಂ ಅನ್ನುತ್ತೆ. ಬುಡದಲ್ಲಿ ಎರಡಕ್ಷರ ಇದ್ರೆ ಅದು ಮಾಡಿದವನ ಗುರುತು.

ಕರಿ ಕಲ್ಲು ಹಳೇ ಕೋವೀಲಿ ಕಿಡಿ ಹಾರಿಸೋಕೆ ಹಾಕ್ತಿದ್ದ ಚಕಮಕಿ ಇರಬಹುದು, ಆದ್ರೆ ಅಲ್ಲಿ ಚಕಮಕಿ ಕಲ್ಲು ಸಹಜವಾಗೇ ರಾಶಿ ಬಿದ್ದಿರುತ್ತೆ, ಹಂಗಾಗಿ ಒಂದಂಚು ತೆಳ್ಳಗಾಗಿ ಸಾಲಾಗಿ ಸಣ್ಣ ಚಕ್ಕೆ ಎದ್ದಿದ್ಯಾ ನೋಡಿ. ಇಂಗ್ಲೆಂಡಿನ ಬ್ರಾಂಡನ್ ಊರಿಂದು ಕಪ್ಪು, ಫ್ರಾನ್ಸಿಂದು ಹೆಚ್ಚಾಗಿ ಜೇನಿನ ಬಣ್ಣ.

ಇನ್ನೊಂದು, ದಯವಿಟ್ಟು ಮರೀಬೇಡಿ, ಅಲ್ಲಿ ಕೆದಕದೆ ಬರೀ ಕಣ್ಣಲ್ಲಿ ಹುಡುಕೋಕೂ ನದಿ ನೋಡ್ಕೊಳ್ಳೋ ಪೋರ್ಟ್ ಆಫ್ ಲಂಡನ್ ಅಥಾರಿಟಿ ಪರ್ಮಿಟ್ ಬೇಕು, 300 ವರ್ಷಕ್ಕಿಂತ ಹಳೇದು ಅನ್ಸಿದ್ರೆ ಲಂಡನ್ ಮ್ಯೂಸಿಯಂನವ್ರಿಗೆ ತಿಳಿಸ್ಬೇಕು. ಬಟ್ಟಲಿನ ಫೋಟೋ ಇದ್ರೆ ಹಾಕಿ.