ಉಬ್ಬಸವಿಲ್ಲದ ದಿನವೂ ಇನ್‌ಹೇಲರ್ ಏಕೆ ಸೇದಬೇಕು?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಮೀಪವಿರುವ, ಅಸ್ತಮಾದಿಂದ ಬಳಲುವ ನಿಮ್ಮ ತಾಯಿಗೆ, ಉಸಿರು ಸರಾಗವಾಗಿರುವ ದಿನವೂ ಇನ್‌ಹೇಲರ್ ಬೇಕೇ ಎಂದು ಕೇಳಿದ್ದೀರಿ. ವೈದ್ಯರು ದಿನನಿತ್ಯಕ್ಕೆಂದು ಬರೆದುಕೊಟ್ಟಿದ್ದರೆ ಖಂಡಿತ ಬೇಕು. ಅಸ್ತಮಾದ ಮೂಲವಿರುವುದು ಶ್ವಾಸನಾಳದ ಒಳಪದರದ ಊತದಲ್ಲಿ. ಹೊಗೆ, ದೂಳು ತಾಗಿದಾಗ ಆ ಊದಿದ ನಾಳವೇ ಬಿಗಿದುಕೊಳ್ಳುತ್ತದೆ. ಉಬ್ಬಸ ಬಂದಾಗ ಸೇದುವ ಸಾಲ್ಬುಟಮಾಲ್ ಎಂಬ ಔಷಧ ಕೆಲವೇ ನಿಮಿಷಗಳಲ್ಲಿ ಬಿಗಿತವನ್ನು ಸಡಿಲಿಸಿ 4ರಿಂದ 6 ಗಂಟೆ ನೆಮ್ಮದಿ ಕೊಡುತ್ತದೆಯಾದರೂ ಊತವನ್ನು ಮುಟ್ಟುವುದಿಲ್ಲ. ಅದನ್ನು ಇಳಿಸುವುದು ಬುಡೆಸೊನೈಡ್‌ನಂತಹ ಸೇದುವ ಸ್ಟಿರಾಯ್ಡ್, ಅದೂ ವಾರಗಟ್ಟಲೆ ತಪ್ಪದೆ ತೆಗೆದುಕೊಂಡಾಗ. ಸ್ಟಿರಾಯ್ಡ್ ಎಂಬ ಹೆಸರಿಗೆ ದಯವಿಟ್ಟು ಹೆದರಬೇಡಿ: ಮೈಕ್ರೋಗ್ರಾಂ ಲೆಕ್ಕದ ಈ ಔಷಧ ನೇರವಾಗಿ ಶ್ವಾಸಕೋಶಕ್ಕೆ ಹೋಗುವುದರಿಂದ, ಮಾತ್ರೆಗೆ ಹೋಲಿಸಿದರೆ ಉಳಿದ ದೇಹಕ್ಕೆ ತಗಲುವುದು ಬಹಳ ಕಡಿಮೆ. ಸೇದಿದ ಬಳಿಕ ಬಾಯಿ ಮುಕ್ಕಳಿಸಿ ಉಗುಳುವುದನ್ನು ಮಾತ್ರ ಮರೆಯಬಾರದು. ಸಾಲ್ಬುಟಮಾಲ್ ಸೇದಿದರೂ ಪೂರ್ತಿ ವಾಕ್ಯ ಮಾತನಾಡಲಾಗದಷ್ಟು ಉಬ್ಬಸವಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.