ಹಿತ್ತಲ ಹಣ್ಣು, ಮೆಕ್ಸಿಕೋದ ಟಕೀಲಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಮ್ಮ ವಿದೇಶದಿಂದ ಬರುವಾಗ ಒಂದು ಬಾಟಲಿ ಟಕೀಲಾ ತಂದುಕೊಟ್ಟಿದ್ದಾನೆ. ಕೈಲ್ ಮುಹೂರ್ತ ಹಬ್ಬಕ್ಕೆ ಏಳೆಂಟು ಜನ ನೆಂಟರು ಬರ್ತಾರೆ. ಹಿತ್ತಲ ಬೇಲಿ ತುಂಬಾ ಪ್ಯಾಷನ್ ಫ್ರೂಟ್ ಬಿಟ್ಟಿದೆ. ಇದರಲ್ಲಿ ಕಾಕ್‌ಟೇಲ್ ಮಾಡೋಣ ಅಂತ ಹುಡುಕಿದರೆ ಶೇಕರ್ ಬೇಕು, ಕಿತ್ತಳೆ ಲಿಕ್ಕರ್ ಬೇಕು ಅಂತಾರೆ. ನಮ್ಮಲ್ಲಿ ಎರಡೂ ಇಲ್ಲ. ಏನು ಮಾಡೋದು?
— ಗೋಣಿಕೊಪ್ಪಲಿನ ಓದುಗರು

ಉತ್ತರ: ಇಲ್ಲದ್ದರ ಯೋಚನೆ ಬಿಡಿ. ಈ ಪಾನೀಯಕ್ಕೆ ಮುಖ್ಯವಾಗಿ ಬೇಕಾದದ್ದು ನಿಮ್ಮ ಬೇಲಿ ಮೇಲೇ ಇದೆ. ಎಷ್ಟೋ ಬಾರುಗಳಲ್ಲಿ ಇದಕ್ಕೆ ಬಾಟಲಿ ಸಿರಪ್ ಬಗ್ಗಿಸುತ್ತಾರೆ, ಬಳ್ಳಿಯಲ್ಲೇ ಬಲಿತ ಹಣ್ಣಿನ ಘಮ ಅದರಲ್ಲಿ ಬರುವುದೇ ಇಲ್ಲ. ಹಣ್ಣು ಚೆನ್ನಾಗಿದ್ದರೆ ಉಳಿದ ಕೆಲಸ ಅರ್ಧ ಮುಗಿದ ಹಾಗೇ.

ಮೊದಲು ಹಣ್ಣು ಆರಿಸಬೇಕು. ಕಿತ್ತದ್ದಕ್ಕಿಂತ ತಾನಾಗಿ ಉದುರಿದ್ದು ಒಳ್ಳೆಯದು. ಸಿಪ್ಪೆ ಇನ್ನೂ ನುಣ್ಣಗೆ ಹೊಳೆಯುತ್ತಿದ್ದರೆ ಎರಡು ಮೂರು ದಿನ ಬುಟ್ಟಿಯಲ್ಲಿ ಬಿಡಿ, ಸ್ವಲ್ಪ ಸುಕ್ಕುಗಟ್ಟಲಿ, ಆಗ ಹುಳಿ ತಗ್ಗಿ ಸಿಹಿ ಗೊತ್ತಾಗುತ್ತದೆ. ನೇರಳೆ ಸಿಪ್ಪೆಯದಕ್ಕೆ ಘಮ ಜಾಸ್ತಿ, ಹಳದಿಯದಕ್ಕೆ ಹುಳಿ ಜಾಸ್ತಿ. ನಮ್ಮ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಇವೆರಡನ್ನೂ ಕೂಡಿಸಿ ಕಾವೇರಿ ಅನ್ನುವ ತಳಿ ಮಾಡಿದ್ದಾರೆ, ನಿಮ್ಮ ಬಳ್ಳಿ ಅದೇ ಇದ್ದರೂ ಇರಬಹುದು. ಯಾವುದೇ ಇರಲಿ, ತಿರುಳನ್ನು ಒಂದು ಚಮಚ ಬಾಯಿಗೆ ಹಾಕಿ ನೋಡದೆ ಸಕ್ಕರೆ ಅಳೆಯಬೇಡಿ.

ತಿರುಳನ್ನು ಮಿಕ್ಸಿಗೆ ಹಾಕಲೇಬೇಡಿ. ಬೀಜ ಒಡೆದು ಕಪ್ಪು ಪುಡಿಯಾಗುತ್ತದೆ, ಕುಡಿಯುವಾಗ ಬಾಯಿಗೆ ಮರಳು ಸಿಕ್ಕಿದ ಹಾಗೆ. ಟೀ ಸೋಸುವ ಜಾಲರಿ ಮೇಲೆ ಸುರಿದು ಚಮಚದ ಬೆನ್ನಿಂದ ತಿಕ್ಕಿ. ರಸ ಬೀಜದ ಸುತ್ತ ಲೋಳೆಯ ಹಾಗೆ ಅಂಟಿಕೊಂಡಿರುತ್ತದೆ, ತಕ್ಷಣ ಬಿಡುವುದಿಲ್ಲ. ಒಂದೆರಡು ನಿಮಿಷ ಸಮಾಧಾನದಿಂದ ತಿಕ್ಕುತ್ತಾ ಇದ್ದರೆ ಬೀಜ ಬೋಳಾಗುತ್ತದೆ, ಕೆಳಗಿನ ಲೋಟಕ್ಕೆ ದಪ್ಪ ಕೇಸರಿ ರಸ ಇಳಿಯುತ್ತದೆ. ಒಂದು ಗ್ಲಾಸಿಗೆ 30 ಮಿ.ಲೀ. ರಸ ಬೇಕು. ಸಾಮಾನ್ಯವಾಗಿ ಎರಡು ಹಣ್ಣು, ಸಣ್ಣದಾದರೆ ಮೂರು.

ಇನ್ನು ಕಿತ್ತಳೆ ಲಿಕ್ಕರ್. ನಾವು ಮಾಡುವುದು ಮಾರ್ಗರಿಟಾ ಅನ್ನುವ ಟಕೀಲಾ ಕಾಕ್‌ಟೇಲಿನದೇ ಇನ್ನೊಂದು ರೂಪ. ಅದರ ಅಂತಾರಾಷ್ಟ್ರೀಯ ಅಳತೆ ಹೀಗಿದೆ: 50 ಮಿ.ಲೀ. ಟಕೀಲಾ, 20 ಮಿ.ಲೀ. ಟ್ರಿಪಲ್ ಸೆಕ್, 15 ಮಿ.ಲೀ. ಲಿಂಬೆ ರಸ. ಇದರಲ್ಲಿ ಟ್ರಿಪಲ್ ಸೆಕ್ ಅನ್ನುವುದೇ ಕಿತ್ತಳೆ ಲಿಕ್ಕರ್. ಅದು ಕೊಡುವುದು ಸಿಹಿ ಮತ್ತು ಕಿತ್ತಳೆ ಸಿಪ್ಪೆಯ ಘಮ. ಇವೆರಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು, ಸಾವಿರಾರು ರೂಪಾಯಿ ಕೊಟ್ಟು ಇನ್ನೊಂದು ಬಾಟಲಿ ತರುವ ಅಗತ್ಯ ಇಲ್ಲ. ಎರಡು ಕಿತ್ತಳೆ ಚೆನ್ನಾಗಿ ತೊಳೆದು ಒರೆಸಿ, ಸಿಪ್ಪೆಯ ಹೊರಗಿನ ಬಣ್ಣದ ಪದರವನ್ನು ಮಾತ್ರ ತೆಳ್ಳಗೆ ತೆಗೆಯಿರಿ. ಒಳಗಿನ ಬಿಳಿ ಬಂದರೆ ಕಹಿ. ಅದಕ್ಕೆ 100 ಗ್ರಾಂ ಸಕ್ಕರೆ ಹಾಕಿ ಒರಳಿನಲ್ಲಿ ಹಗುರವಾಗಿ ಜಜ್ಜಿ, ಮುಚ್ಚಿಡಿ. ನಾಲ್ಕೈದು ಗಂಟೆ ಬಿಟ್ಟು ನೋಡಿದರೆ ಸಿಪ್ಪೆಯ ಎಣ್ಣೆ ಕುಡಿದು ಸಕ್ಕರೆ ಒದ್ದೆಯಾಗಿರುತ್ತದೆ, ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಯೆಲ್ಲ ಘಂ ಅನ್ನುತ್ತದೆ. ಅದಕ್ಕೆ 100 ಮಿ.ಲೀ. ಬಿಸಿನೀರು ಹಾಕಿ ಕರಗಿಸಿ ಸೋಸಿದರೆ ಆಯ್ತು. ಕುದಿಸಬೇಡಿ, ಘಮ ಹಾರಿಹೋಗುತ್ತದೆ. ಕಿತ್ತಳೆ ಸಿಗದಿದ್ದರೆ ಗಜನಿಂಬೆ ಸಿಪ್ಪೆಯಲ್ಲೂ ಮಾಡಬಹುದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ಈಗ ಒಂದು ಗ್ಲಾಸಿನ ಲೆಕ್ಕ. ಟಕೀಲಾ 45 ಮಿ.ಲೀ., ಹಣ್ಣಿನ ರಸ 30, ಸಿಪ್ಪೆಯ ಸಿರಪ್ 20, ಲಿಂಬೆ ರಸ 10, ಒಂದು ಚಿಟಿಕೆ ಉಪ್ಪು. ಮಾರ್ಗರಿಟಾಕ್ಕಿಂತ ಲಿಂಬೆ ಕಡಿಮೆ ಹೇಳಿದ್ದೇನೆ, ಯಾಕಂದ್ರೆ ಹಣ್ಣೇ ಹುಳಿ. ಉಪ್ಪು ಬಿಡಬೇಡಿ, ಅದು ಇದ್ದರೇ ಹಣ್ಣಿನ ರುಚಿ ಎದ್ದು ಕಾಣುವುದು. ಖಾರ ಇಷ್ಟ ಇದ್ದವರು ಒಂದು ಗಾಂಧಾರಿ ಮೆಣಸು ಸೀಳಿ ಟಕೀಲಾದಲ್ಲಿ ಹತ್ತು ನಿಮಿಷ ಹಾಕಿ ತೆಗೆಯಿರಿ. ರಾತ್ರಿಯಿಡೀ ಬಿಟ್ಟರೆ ಕುಡಿಯೋಕಾಗಲ್ಲ.

ಶೇಕರ್ ಬದಲು ಬಿಗಿ ಮುಚ್ಚಳದ ಉಪ್ಪಿನಕಾಯಿ ಜಾಡಿ ಸಾಕು, ಹಳೇ ವಾಸನೆ ಪೂರಾ ಹೋಗಿರಬೇಕು ಅಷ್ಟೇ. ಜಾಡಿ ಅರ್ಧಕ್ಕಿಂತ ಜಾಸ್ತಿ ಐಸ್ ತುಂಬಿ, ಮುಚ್ಚಳದ ಮೇಲೆ ಕೈ ಇಟ್ಟು ಹದಿನೈದು ಸೆಕೆಂಡ್ ಜೋರಾಗಿ ಕುಲುಕಿ. ಜಾಡಿಯ ಹೊರಗೆ ಇಬ್ಬನಿ ಕಟ್ಟಿ ಕೈ ಮರಗಟ್ಟುವಷ್ಟು ತಣ್ಣಗಾದರೆ ಸಾಕು ಅಂತ ಅರ್ಥ. ಐಸ್ ಕರಗಿ ನೀರಾಗುವುದೂ ಈ ಪಾನೀಯದ ಭಾಗವೇ, ಆ ನೀರಿಲ್ಲದಿದ್ದರೆ ಗಂಟಲು ಉರಿಯುತ್ತದೆ. ಒಂದು ಮಾತು ನೆನಪಿರಲಿ: ಹಬ್ಬದ ಹೊತ್ತಲ್ಲಿ ನಮ್ಮ ಫ್ರಿಜ್ಜುಗಳಲ್ಲಿ ಹಂದಿ ಮಾಂಸ, ಮೀನು ಎಲ್ಲ ತುಂಬಿರುತ್ತದೆ ಅಲ್ವಾ, ಮುಚ್ಚದೆ ಇಟ್ಟ ಐಸ್ ಆ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಹಿಂದಿನ ದಿನವೇ ಹೊಸದಾಗಿ ಮಾಡಿ ಮುಚ್ಚಿಡಿ.

750 ಮಿ.ಲೀ. ಬಾಟಲಿಯಲ್ಲಿ ಇಂಥ 16 ಗ್ಲಾಸ್ ಆಗುತ್ತದೆ. ಎಂಟು ಜನಕ್ಕೆ ತಲಾ ಎರಡು, ಅಲ್ಲಿಗೆ ನಿಲ್ಲಿಸಿ. 45 ಮಿ.ಲೀ. ಟಕೀಲಾದಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. ಹಣ್ಣಿನ ರಸದಲ್ಲಿ ಅದು ಗೊತ್ತೇ ಆಗದೆ ಸರಾಗವಾಗಿ ಇಳಿಯುತ್ತದೆ, ಅದೇ ಅಪಾಯ. ಕುಡಿದವರು ಗಾಡಿ ಮುಟ್ಟಬಾರದು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಅದಕ್ಕಿಂತ ಮುಖ್ಯವಾಗಿ ನಮ್ಮ ರಸ್ತೆಯ ತಿರುವು, ಮಂಜು, ತೋಟದಿಂದ ರಸ್ತೆಗಿಳಿಯುವ ಆನೆ ಯಾವುದೂ ಕುಡಿದವರಿಗೆ ರಿಯಾಯಿತಿ ಕೊಡುವುದಿಲ್ಲ. ದೂರದ ನೆಂಟರಿಗೆ ರಾತ್ರಿ ಉಳಿಯಲು ಹಾಸಿಗೆ ಮೊದಲೇ ರೆಡಿ ಮಾಡಿಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಲೋಮಾ ಅನ್ನುವ ಟಕೀಲಾ ಕಾಕ್‌ಟೇಲ್ ಕುಡಿದಿದ್ದೆ, ತುಂಬಾ ಹಿಡಿಸಿತು. ಅದಕ್ಕೆ ಗ್ರೇಪ್‌ಫ್ರೂಟ್ ಬೇಕಂತೆ, ನಮ್ಮ ಕಡೆ ಸಿಗಲ್ಲ. ತೋಟದಲ್ಲಿ ಚಕ್ಕೋತ ಇದೆ. ಅದನ್ನು ಹಾಕಿದೆ, ಕಹಿ ಕಹಿ ಆಯ್ತು.
— ಸೋಮವಾರಪೇಟೆಯ ಓದುಗರು

ಉತ್ತರ: ಚಕ್ಕೋತ ಹಾಕಿದ್ದು ಸರಿಯಾಗೇ ಇದೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಸಿಹಿ ಕಿತ್ತಳೆ ಕೂಡಿ. ಕಹಿ ಬಂದದ್ದು ಹಣ್ಣಿನ ತಪ್ಪಲ್ಲ, ಹಿಂಡಿದ ರೀತಿಯದ್ದು. ಚಕ್ಕೋತವನ್ನು ಮೂಸಂಬಿ ಹಾಗೆ ಅಡ್ಡ ಕತ್ತರಿಸಿ ಹಿಂಡಬಾರದು. ದಪ್ಪ ಬಿಳಿ ಸಿಪ್ಪೆ ಪೂರಾ ತೆಗೆದು, ತೊಳೆ ಬಿಡಿಸಿ, ಪ್ರತಿ ತೊಳೆಯ ಮೇಲಿನ ಪೊರೆಯನ್ನೂ ಸುಲಿಯಿರಿ. ಕಹಿಯೆಲ್ಲ ಇರುವುದು ಆ ಪೊರೆ ಮತ್ತು ಬಿಳಿಯಲ್ಲಿ. ಉಳಿದ ಮುತ್ತಿನಂಥ ಕಾಳುಗಳನ್ನು ಬಟ್ಟಲಿಗೆ ಉದುರಿಸಿ ಕೈಯಲ್ಲೇ ಹಿಸುಕಿ. ಕೆಂಪು ತೊಳೆಯ ಚಕ್ಕೋತ ಆದರೆ ಬಣ್ಣವೂ ಚೆಂದ.

60 ಮಿ.ಲೀ. ಚಕ್ಕೋತ ರಸ, 45 ಮಿ.ಲೀ. ಟಕೀಲಾ, 10 ಮಿ.ಲೀ. ಲಿಂಬೆ, ಒಂದೆರಡು ಟೀ ಚಮಚ ಸಕ್ಕರೆ ಪಾಕ, ಚಿಟಿಕೆ ಉಪ್ಪು. ಎತ್ತರದ ಲೋಟದಲ್ಲಿ ಐಸ್ ಮೇಲೆ ಹಾಕಿ, ಕೊನೆಗೆ ತಣ್ಣನೆ ಸೋಡಾ ತುಂಬಿಸಿ ಒಮ್ಮೆ ಮಾತ್ರ ಕಲಕಿ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅದಕ್ಕೇ ಪಲೋಮಾದಲ್ಲಿ ಉಪ್ಪು ಇರುವುದು. ನನ್ನ ಕೇಳಿದರೆ ಹಣ್ಣಿನ ಟಕೀಲಾಗಳಲ್ಲೆಲ್ಲ ಇದೇ ಮೇಲು, ಪಂದಿ ಕರಿ ಜೊತೆ ಇದಕ್ಕಿಂತ ಚೆನ್ನಾಗಿ ಹೊಂದುವ ಇನ್ನೊಂದು ಗ್ಲಾಸ್ ಇಲ್ಲ.

ಪ್ರಶ್ನೆ: ಮಧ್ಯಾಹ್ನವೇ ನಮ್ಮ ತೋಟದ ಕಿತ್ತಳೆ ಹಿಂಡಿ ಫ್ರಿಜ್ಜಲ್ಲಿಟ್ಟಿದ್ದೆ. ಆಗ ಸಿಹಿಯಾಗಿತ್ತು. ಸಂಜೆ ಟಕೀಲಾಗೆ ಬೆರೆಸಿದರೆ ಕಹಿ. ಟಕೀಲಾನೇ ಸರಿ ಇಲ್ವಾ?
— ಸುಂಟಿಕೊಪ್ಪದ ಓದುಗರು

ಉತ್ತರ: ಟಕೀಲಾ ಸರಿಯಾಗೇ ಇದೆ, ರಸವೇ ಇಟ್ಟಲ್ಲೇ ಕಹಿಯಾಗಿದೆ. ಕಿತ್ತಳೆಯ ಬೀಜದಲ್ಲಿ, ತೊಳೆಯ ಪೊರೆಯಲ್ಲಿ ರುಚಿಯೇ ಇಲ್ಲದ ಒಂದು ಅಂಶ ಇರುತ್ತದೆ. ಹಿಂಡಿದಾಗ ಅದು ಹುಳಿ ರಸಕ್ಕೆ ಸೇರಿ, ಕೆಲವು ಗಂಟೆಗಳಲ್ಲಿ ಲಿಮೋನಿನ್ ಅನ್ನುವ ಕಹಿ ವಸ್ತುವಾಗಿ ಬದಲಾಗುತ್ತದೆ. ಹಾಗಾಗಿ ಕಿತ್ತಳೆಯನ್ನು ಮೊದಲೇ ಹಿಂಡಿಡಬೇಡಿ. ಲೋಟಕ್ಕೆ ಸುರಿಯುವ ಹೊತ್ತಿಗೆ ಹಿಂಡಿ, ಬೀಜ ಜಜ್ಜದ ಹಾಗೆ ಕೈಯಲ್ಲಿ ಹಿಂಡಿ, ಜ್ಯೂಸರ್ ಬೇಡ. ಟಕೀಲಾ ಸನ್‌ರೈಸ್ ಅಂತ ಮಾಡುತ್ತಾರಲ್ಲ, 45 ಮಿ.ಲೀ. ಟಕೀಲಾಗೆ 90 ಮಿ.ಲೀ. ಕಿತ್ತಳೆ ರಸ, ಮೇಲಿಂದ 15 ಮಿ.ಲೀ. ದಾಳಿಂಬೆ ಸಿರಪ್, ಅದಕ್ಕೆ ನಮ್ಮ ಕಿತ್ತಳೆ ತುಂಬಾ ಚೆನ್ನ. ಅಂಗಡಿಯ ಡಬ್ಬಿ ಜ್ಯೂಸಿಗೆ ಆ ಸಣ್ಣ ಹುಳಿ ಇರುವುದಿಲ್ಲ. ಕಾಫಿ ತೋಟಗಳಲ್ಲಿ ಕಿತ್ತಳೆ ಗಿಡ ರೋಗಕ್ಕೆ ಸಿಕ್ಕಿ ಕಡಿಮೆಯಾಗುತ್ತಾ ಬಂದಿರುವಾಗ, ಉಳಿಸಿಕೊಂಡವರು ಅದನ್ನು ತಾಜಾ ಆಗಿಯೇ ಕುಡಿಯಬೇಕು.

ಪ್ರಶ್ನೆ: ಟಕೀಲಾ ಕಳ್ಳಿಯಿಂದ ಮಾಡೋದಂತೆ ಹೌದಾ? ರಸ್ತೆ ಬದಿಯ ಕತ್ತಾಳೆಯಿಂದ ನಾವೂ ಮಾಡಬಹುದಾ?
— ಕುಶಾಲನಗರದ ಓದುಗರು

ಉತ್ತರ: ಕಳ್ಳಿ ಅಲ್ಲ, ಅಗಾವೆ. ನಮ್ಮ ಕತ್ತಾಳೆಯ ಜಾತಿಯದೇ, ಆದರೆ ನೀಲಿ ಅಗಾವೆ ಅನ್ನುವ ಒಂದೇ ಬಗೆ. ಏಳೆಂಟು ವರ್ಷ ಬೆಳೆಸಿ, ಎಲೆಗಳನ್ನೆಲ್ಲ ಕೊಚ್ಚಿ ತೆಗೆದು, ನಡುವಿನ ಗಡ್ಡೆಯನ್ನು ಬೇಯಿಸಿ, ರಸ ಹುಳಿ ಬರಿಸಿ ಭಟ್ಟಿ ಇಳಿಸುತ್ತಾರೆ. ಮೆಕ್ಸಿಕೋದ ಹಾಲಿಸ್ಕೋ ರಾಜ್ಯ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗದಲ್ಲಿ ಮಾಡಿದ್ದಕ್ಕೆ ಮಾತ್ರ ಟಕೀಲಾ ಅನ್ನುವ ಹೆಸರು, ಅಲ್ಲಿ 1974ರಿಂದ ಆ ಹೆಸರಿಗೆ ರಕ್ಷಣೆ ಇದೆ. ನಮ್ಮ ದೇಶದ ಜಿಐ (ಭೌಗೋಳಿಕ ಗುರುತು) ಪಟ್ಟಿಯಲ್ಲೂ ಟಕೀಲಾ ಇದೆ, ಕೊಡಗಿನ ಕಿತ್ತಳೆಯೂ ಇದೆ. ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧ, ಜೀವಕ್ಕೂ ಅಪಾಯ. ಕತ್ತಾಳೆ ರಸ ಮೈಗೆ ತಾಗಿದರೆ ಉರಿ, ತುರಿಕೆ ಬೇರೆ. ಕೈ ಹಾಕಬೇಡಿ.

ಕೊಳ್ಳುವಾಗ ಬಾಟಲಿ ಮೇಲೆ 100% ಅಗಾವೆ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅರ್ಧದಷ್ಟು ಬೇರೆ ಸಕ್ಕರೆ ಸೇರಿರಬಹುದು, 51% ಅಗಾವೆ ಇದ್ದರೂ ನಿಯಮಕ್ಕೆ ಸಾಕು. ಹಣ್ಣಿನ ಜೊತೆಗೆ ಬಿಳಿ ಟಕೀಲಾ ತಗೊಳ್ಳಿ, ಬ್ಲಾಂಕೋ ಅಥವಾ ಸಿಲ್ವರ್ ಅಂತ ಬರೆದಿರುತ್ತದೆ. ವರ್ಷಗಟ್ಟಲೆ ಓಕ್ ಪೀಪಾಯಿಯಲ್ಲಿಟ್ಟ ಆನ್ಯೆಹೋಗೆ ಹಣ್ಣಿನ ರಸ ಬೆರೆಸುವುದು ದುಡ್ಡು ದಂಡ, ಅದನ್ನು ಸುಮ್ನೆ ಹಾಗೇ ಗುಟುಕರಿಸಬೇಕು.

ಪ್ರಶ್ನೆ: ಲಿಂಬೆ ಬದಲು ಕಾಚಂಪುಳಿ ಹಾಕಿದರೆ ಹೇಗೆ?
— ವಿರಾಜಪೇಟೆಯ ಓದುಗರು

ಉತ್ತರ: ಬೇಡ. ಕಾಯಿಸಿ ಕಪ್ಪಾದ ಹುಳಿ ಅದು, ಹಣ್ಣಿನ ಘಮವನ್ನು ಪೂರಾ ನುಂಗಿಹಾಕುತ್ತದೆ. ಕಾಚಂಪುಳಿ ಪಕ್ಕದ ಪಂದಿ ಕರಿಯಲ್ಲೇ ಇರಲಿ.

ಪ್ರಶ್ನೆ: ಗ್ಲಾಸಿನ ಅಂಚಿಗೆ ಉಪ್ಪು ಹಚ್ಚಲೇಬೇಕಾ?
— ಮಡಿಕೇರಿಯ ಓದುಗರು

ಉತ್ತರ: ಹಚ್ಚಲೇಬೇಕು ಅಂತೇನಿಲ್ಲ. ಹಚ್ಚುವುದಾದರೆ ಅರ್ಧ ಅಂಚಿಗೆ ಮಾತ್ರ, ಹೊರಗಡೆಯಿಂದ ಹಚ್ಚಿ, ಬೇಕಾದವರು ಆ ಕಡೆಯಿಂದ ಕುಡಿಯಲಿ. ಪುಡಿ ಉಪ್ಪು ಬೇಡ, ಕಲ್ಲುಪ್ಪು ಒಡೆದು ಅದಕ್ಕೆ ನಾಲ್ಕು ಕಾಳು ನಮ್ಮ ಕರಿಮೆಣಸು ಕುಟ್ಟಿ ಸೇರಿಸಿ. ಒಮ್ಮೆ ಹೀಗೆ ಮಾಡಿ ನೋಡಿ.

ಪ್ರಶ್ನೆ: ಯಜಮಾನರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡಕ್ಕೂ ಮಾತ್ರೆ ಇದೆ. ಎಲ್ಲರ ಜೊತೆ ಒಂದು ಗ್ಲಾಸ್ ತಗೋಬಹುದಾ? ಅತ್ತೆ ಅಂತೂ ಕುಡಿಯಲ್ಲ, ಅವರಿಗೂ ಏನಾದರೂ ಮಾಡಿಕೊಡಬೇಕು.
— ಪೊನ್ನಂಪೇಟೆಯ ಓದುಗರು

ಉತ್ತರ: ಮಾತ್ರೆ ಕೊಟ್ಟ ಡಾಕ್ಟರನ್ನು ಕೇಳದೆ ಬೇಡ. ಕೆಲವು ಸಕ್ಕರೆ ಮಾತ್ರೆಗಳ ಜೊತೆ ಮದ್ಯ ಸೇರಿದರೆ ರಕ್ತದ ಸಕ್ಕರೆ ಏಕಾಏಕಿ ಇಳಿಯಬಹುದು, ತಲೆ ಸುತ್ತಿದರೆ ಅಮಲು ಅಂತ ಎಲ್ಲರೂ ಸುಮ್ಮನಿರುತ್ತಾರೆ, ಅದೇ ಭಯ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ: ಚಕ್ಕೋತ ಮತ್ತು ಗ್ರೇಪ್‌ಫ್ರೂಟ್ ಎರಡೂ ಕೆಲವು ಬಿಪಿ ಮತ್ತು ಕೊಲೆಸ್ಟರಾಲ್ ಮಾತ್ರೆಗಳ ಔಷಧ ಮೈಯಲ್ಲಿ ಒಡೆದು ಖಾಲಿಯಾಗದ ಹಾಗೆ ತಡೆದು, ಅವುಗಳ ಪರಿಣಾಮ ಜಾಸ್ತಿ ಮಾಡುತ್ತವೆ. ಅದು ಬರೀ ಹಣ್ಣಿನ ರಸಕ್ಕೂ ಅನ್ವಯ. ಚೀಟಿ ತೋರಿಸಿ ಕೇಳಿ.

ಅತ್ತೆಗೆ ಮಾಡುವುದು ಸುಲಭ, ಮತ್ತು ದಯವಿಟ್ಟು ಬರೀ ನೀರು ಜ್ಯೂಸ್ ಕೊಟ್ಟು ಮೂಲೆಗೆ ಕೂರಿಸಬೇಡಿ. 45 ಮಿ.ಲೀ. ಪ್ಯಾಷನ್ ಫ್ರೂಟ್ ರಸ, 15 ಮಿ.ಲೀ. ಲಿಂಬೆ, ಒಂದು ಚಮಚ ತೋಟದ ಜೇನು ಬಿಸಿನೀರಿನಲ್ಲಿ ಕದಡಿದ್ದು, ಜಜ್ಜಿದ ಒಂದು ಏಲಕ್ಕಿ, ಚಿಟಿಕೆ ಉಪ್ಪು. ಅದೇ ಜಾಡಿ ತೊಳೆದು, ಹೊಸ ಐಸ್ ಹಾಕಿ ಕುಲುಕಿ, ಉಳಿದವರಿಗೆ ಕೊಟ್ಟಂಥ ಗ್ಲಾಸಿಗೇ ಸೋಸಿ, ಮೇಲೆ ಸೋಡಾ ಹಾಕಿ. ನಾಲ್ಕೈದು ಬೀಜ ಬೇಕಂತಲೇ ಬಿಡಿ, ನೋಡಲು ಚೆಂದ. ಯಜಮಾನರಿಗೂ ಇದನ್ನೇ ಕೊಡುವುದಾದರೆ ಜೇನು ಬಿಟ್ಟು ಮಾಡಿ, ಹಣ್ಣು ಚೆನ್ನಾಗಿ ಸುಕ್ಕುಗಟ್ಟಿದ್ದರೆ ಸಿಹಿ ಇಲ್ಲದೆಯೂ ನಡೆಯುತ್ತದೆ.